ಬೆಲೆ ಕೇಳಬಾರದ ದೂಮಪ್ಪಣ್ಣ

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿರುವ ದೂಮಪ್ಪಣ್ಣ ರಿಟೈರಾಗಿ, ರಬ್ಬಿಗಳೆಂಬ ಪ್ರಾಚೀನ ಯಹೂದಿ ಧರ್ಮಗುರುಗಳ ವ್ಯಾಪಾರನೀತಿ ಕಲಿಸುವ ಸಂಜೆ ಕ್ಲಾಸಿಗೆ ಸೇರಿದ್ದೇ ತಡ, ಹೆಂಡತಿ ಜಲಜಕ್ಕನ ಶಾಪಿಂಗಿಗೆ ಶನಿ ಹಿಡಿಯಿತು. ಅವರು ಒಂದು ಹೂಜಿ ಮುಟ್ಟಿದರೂ ಸಾಕು, “ಕೊಳ್ಳುವ ಮನಸ್ಸಿಲ್ಲದಿದ್ದರೆ ಬೆಲೆ ಕೇಳಬಾರದು, ಮಾರುವವನಿಗೆ ಆಸೆ ಹುಟ್ಟಿಸಿದ ಪಾಪ ಬರ್ತದೆ” ಎಂದು ಅಂಗಡಿಯಲ್ಲೇ ಗಂಡನ ಪ್ರವಚನ. “ನಿಮ್ಮ ರಬ್ಬಿಗಳಿಗೆ ಹೆಂಡತಿ ಇರ್ಲಿಲ್ವಾ?” ಅಂದರೆ, ಆ ಪಾಠ ಇನ್ನೂ ಆಗಿಲ್ಲ ಅನ್ನುತ್ತಾರೆ. ತಾವೇ ಬಾಯಿ ತಪ್ಪಿ ಬೆಲೆ ಕೇಳಿದರೆ ಕೊಂಡೇ ತೀರುತ್ತಾರೆ. ಹಾಗೆ ಬಂದ ತಂತಿಯಿಲ್ಲದ ಪಿಟೀಲು, ನಾಯಿಯಿಲ್ಲದ ಮನೆಗೊಂದು ನಾಯಿಗೂಡು ಎಲ್ಲ ಸೇರಿ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಜಲಜಕ್ಕ ಕಂಡಕಂಡವರೆದುರು ಗೊಣಗುತ್ತಾರೆ, ಆದರೆ ಒಂದನ್ನೂ ಎಸೆಯುವುದಿಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಗಂಡ ಮಾರ್ಕೆಟ್ಟಿನಲ್ಲಿ ಸ್ವೆಟರ್ ಮಾರುತ್ತಿದ್ದರು. ಬಂದವರೆಲ್ಲ ಬಿಡಿಸಿ ನೋಡಿ, ಬೆಲೆ ಕೇಳಿ, ಕೊಳ್ಳದೆ ಹೋಗುತ್ತಿದ್ದರು. ಸಂಜೆ ಅವನ್ನೆಲ್ಲ ಮತ್ತೆ ಮಡಿಸಿಡುತ್ತಿದ್ದದ್ದು ಜಲಜಕ್ಕ.