ಹಿತ್ತಿಲಲ್ಲಿ ನೀರು ಹುಡುಕುವ ಡಾಗ್ನಿ

ಬೆಳಗಿನ ಜಾವ. ರಾತ್ರಿಯಿಡೀ ಬೀಸಿದ ಗಾಳಿ ಈಗಷ್ಟೇ ಇಳಿದಿದೆ. ಡೆನ್ಮಾರ್ಕಿನ ಕರಾವಳಿಯ ಸ್ಕಾರ್ಪ್‌ವಿಗ್‌ನಲ್ಲಿ ಊರಿಗೆ ಊರೇ ಬಂದರಿಗೆ ಓಡಿದೆ, ಉಕ್ಕಿದ ಕಡಲನ್ನು ತಡೆದು ನಿಂತ ಕಬ್ಬಿಣದ ಹೊಸ ಬಾಗಿಲು ನೋಡಲು. ಡಾಗ್ನಿ ಲುಂಡ್ಬಿ ಮಾತ್ರ ಬಂದರಿಗೆ ಬೆನ್ನು ಹಾಕಿ, ರಬ್ಬರ್ ಬೂಟು ಮೆಟ್ಟಿಕೊಂಡು ಊರ ಹಿಂದಿನ ಹಳ್ಳದ ಕಡೆ ನಡೆಯುತ್ತಿದ್ದಾರೆ; ಅವರ ಬಗ್ಗೆ ಬರೆಯಲು ಬಂದ ನಾನು ಹಿಂದೆ ಹಿಂದೆ. ಅಲ್ಲಿ ತಗ್ಗಿನಲ್ಲಿ ವೃದ್ಧರ ಆರೈಕೆ ಮನೆಯಿದೆ. ಅದರೊಳಗೆ ನೀರು ನುಗ್ಗಿದೆಯೋ ಇಲ್ಲವೋ, ಅವರಿಗಿನ್ನೂ ಗೊತ್ತಿಲ್ಲ.

ಕಡಲು ಎಷ್ಟು ಏರೀತು, ಮಳೆ ಎಷ್ಟು ಸುರಿದೀತು ಎಂದು ಹವಾಮಾನ ವಿಜ್ಞಾನಿಗಳು ಮುಂದಿನ ದಶಕಗಳಿಗೆ ಅಂದಾಜು ಹಾಕುತ್ತಾರೆ. ಡೆನ್ಮಾರ್ಕ್ ಸರಕಾರ ಅದನ್ನು ಊರೂರಿಗೆ ಕಳಿಸಿ, ತಕ್ಕ ಏರ್ಪಾಡು ಮಾಡಿಕೊಳ್ಳಿ ಎಂದು ನೆರವು ಕೊಡುತ್ತದೆ. ಇಷ್ಟರಿಂದ ಜನ ನಿಜಕ್ಕೂ ಸುರಕ್ಷಿತರಾದರೇ ಎಂದು ತೂಗಿ ನೋಡುವವರು ಡಾಗ್ನಿ. ಹನ್ನೊಂದು ವರ್ಷಗಳಿಂದ ಕರಾವಳಿ ಸುತ್ತುತ್ತಿದ್ದಾರೆ. ಯಾವ ವರದಿಯ ಮುಖಪುಟದಲ್ಲೂ ಅವರ ಹೆಸರಿಲ್ಲ.

"ನಕ್ಷೆ ಬಂತಾ ಅಂತ ನಾನು ಕೇಳಲ್ಲ. ಬಂದೇ ಬಂದಿರುತ್ತೆ. ಹೋದ್ಸಲ ಯಾರ ಕಾಲು ಮೊದಲು ಒದ್ದೆ ಆಯ್ತು ಅಂತ ಕೇಳ್ತೀನಿ," ಎನ್ನುತ್ತಾರೆ.

ಹೋದ ವರ್ಷ ಹಾಗೆ ಕೇಳಿಯೇ ಈ ಊರಿಗೆ ಬೇಡವಾದರು. ಬಂದರಿನ ಬಾಗಿಲು ಸಿದ್ಧವಾಗಿತ್ತು. ಪುರಭವನದ ಮೇಜಿನ ಮೇಲೆ ಕಾಫಿ, ಪುಟ್ಟ ಬಾವುಟಗಳು, ಕೆನೆ ಕೇಕು. ನಮ್ಮ ಡೆನ್ಮಾರ್ಕಿನಲ್ಲಿ ಕೇಕು ಕತ್ತರಿಸಿದ ಮೇಲೆ ತಕರಾರಿಲ್ಲ. ಆಮೇಲೆ ಬಾಯಿ ತೆರೆದವರು ಮರ್ಯಾದೆಗೆಟ್ಟವರು. ಹೀಗೆ ಸಿಹಿ ತಿಂದು ಮುಚ್ಚಿಹಾಕಿದ ತಪ್ಪುಗಳು ಈ ನಾಡಿನಲ್ಲಿ ಎಷ್ಟಿವೆಯೋ! ಅದಕ್ಕೇ ಡಾಗ್ನಿ ಕೆಟ್ಟ ಸುದ್ದಿಯನ್ನು ಕಾಫಿಗೆ ಮುಂಚೆಯೇ ಹೇಳಿಬಿಡುತ್ತಾರೆ.

ಆ ಸಲದ ಸುದ್ದಿ ಸಿಕ್ಕಿದ್ದು ಆರೈಕೆ ಮನೆಯ ಟೋವೆ ಅಜ್ಜಿಯಿಂದ. ಬದುಕಿಡೀ ಮೀನುಬಲೆ ಹೆಣೆದ ಕೈ, ಸುಮ್ಮನಿರದ ಬಾಯಿ. "ಬಾಗಿಲು ಹಾಕಿ ನೋಡಿದ ದಿನ ನಮ್ಮ ಬಚ್ಚಲಿಂದ ನೀರು ಮೇಲೆ ಬಂತು ಕಣೇ. ಹೇಳಿದ್ರೆ ಮುದುಕಿಗೆ ಅರಳುಮರಳು ಅಂದ್ರು." ಕಡಲನ್ನು ತಡೆಯಲು ಬಾಗಿಲು ಹಾಕಿದರೆ, ಅದೇ ದಾರಿಯಲ್ಲಿ ಕಡಲು ಸೇರುವ ಹಳ್ಳದ ನೀರಿಗೂ ಹೊರಗೆ ಹೋಗಲು ದಾರಿಯಿಲ್ಲ. ವಿಜ್ಞಾನಿಗಳ ಅಂದಾಜಿನಲ್ಲಿ ಕಡಲೂ ಇತ್ತು, ಮಳೆಯೂ ಇತ್ತು. ಊರಿನವರು ಕಡಲಿನ ಭಾಗವನ್ನಷ್ಟೇ ಓದಿ, ಮುಂಬಾಗಿಲು ಭದ್ರ ಮಾಡಿ ಹಿತ್ತಿಲನ್ನು ಮರೆತಿದ್ದರು.

ಅಂದು ಪುರಭವನದಲ್ಲಿ ಪುರಸಭೆಯ ಎಂಜಿನಿಯರ್ ಪ್ರೆಬೆನ್ ಕೇಕಿನ ಚಾಕು ಹಿಡಿದೇ ನಿಂತಿದ್ದ. "ಯೋಜನೆ ಗೆದ್ದಿದೆ ಅಂತ ಬರೆದು ಒಂದು ತುಂಡು ತಿನ್ನು, ಡಾಗ್ನಿ."

"ಹಳ್ಳಕ್ಕೆ ಪಂಪು ಹಾಕು. ಇಡೀ ಕೇಕು ತಿಂತೀನಿ."

"ಊರಿನ ಮಾನ ತೆಗೀತಿದ್ದೀಯಾ!"

"ಮಾನ ನಾಳೆ ಬರುತ್ತೆ ಕಣೋ. ಟೋವೆ ಹೋದ್ರೆ ಬರಲ್ಲ."

ಯೋಜನೆ ಈ ಊರನ್ನು ಅರ್ಧ ಮಾತ್ರ ಕಾಪಾಡಿದೆ ಎಂದು ಅವರು ಬರೆದರು. ಪ್ರೆಬೆನ್ ಮಾತು ಬಿಟ್ಟ. ಬೇಸಿಗೆಯಲ್ಲಿ ಗೊಣಗುತ್ತಲೇ ಪಂಪು ಕೂರಿಸಿದವನೂ ಅವನೇ. ಈ ಹೆಂಗಸಿನ ಹಟ ಕಂಡರೆ ನನಗೆ ಹೆಮ್ಮೆ, ಮುಚ್ಚಿಡುವುದೇಕೆ? ಪಂಪು ಬಂದ ಮೇಲೆ ಕಡಲು, ಮಳೆ ಎರಡೂ ಒಟ್ಟಿಗೆ ಮೇಲೆ ಬಿದ್ದದ್ದು ನಿನ್ನೆಯೇ ಮೊದಲು.

ಆರೈಕೆ ಮನೆಯ ಅಂಗಳದಲ್ಲಿ ಕೆಸರಿದೆ. ಡಾಗ್ನಿ ಬೂಟು ಕಳಚಿ, ಕಾಲುಚೀಲದಲ್ಲೇ ಒಳಗೆ ಹೆಜ್ಜೆಯಿಡುತ್ತಾರೆ. ನೆಲಕ್ಕೆ ಒಂದು ಹನಿ ನೀರೂ ತಾಗಿಲ್ಲ. ಪಡಸಾಲೆಯಲ್ಲಿ ಪ್ರೆಬೆನ್, ನಿದ್ದೆಯಿಲ್ಲದ ಕೆಂಪು ಕಣ್ಣು. "ಬಾ, ನಿನ್ನ ಮೇಲೆ ದೂರು ಬಂದಿದೆ," ಎನ್ನುತ್ತಾನೆ.

ಕಂಬಳಿಯೊಳಗಿಂದಲೇ ಟೋವೆ ಶುರು ಮಾಡುತ್ತಾರೆ: "ಆ ಪಂಪು ರಾತ್ರಿಯೆಲ್ಲ ಗುಡುಗುಡು ಅಂತು. ಒಂದು ಚೂರು ನಿದ್ದೆ ಇಲ್ಲ. ಇದೆಲ್ಲ ನಿಂದೇ ಕಿತಾಪತಿ ಅಂತೆ!"

ಈ ದೂರನ್ನೂ ವರದಿಗೆ ಸೇರಿಸುತ್ತೀರಾ ಎಂದು ಹೊರಗೆ ಬಂದ ಮೇಲೆ ಕೇಳುತ್ತೇನೆ.

"ಸೇರಿಸದೆ? ಅದೇ ಮೊದಲನೇ ಸಾಲು," ಎನ್ನುತ್ತಾರೆ ಡಾಗ್ನಿ, ಬೂಟಿಗೆ ಕಾಲು ತೂರಿಸುತ್ತಾ. "ತನ್ನ ಹಾಸಿಗೇಲೇ ಬೆಚ್ಚಗೆ ಮಲಗಿಕೊಂಡು ಬೈದಳಲ್ಲ."