ಮನೆಯನ್ನೇ ಎತ್ತಿಸಬೇಕಂತೆ

ನಮ್ಮದು ಮೂರು ತಲೆಮಾರಿನಿಂದ ನಾಗಪುರದಲ್ಲಿ ಹೆಸರು ಉಳಿಸಿಕೊಂಡು ಬಂದ ಮನೆತನ. ಮಾವನವರ ತಂದೆ ಧಾರವಾಡದಿಂದ ಪ್ರಾಧ್ಯಾಪಕರಾಗಿ ಇಲ್ಲಿಗೆ ಬಂದವರು. ಲಕ್ಷ್ಮೀ ನಗರದಲ್ಲಿ ಅವರು ಕಟ್ಟಿಸಿದ ಮನೆಗೆ ಯಾರೇ ಬಂದರೂ ಮೆಟ್ಟಿಲು ಹತ್ತಿ ಬರಬೇಕಿತ್ತು. ಈಗ ಇಳಿದು ಬರಬೇಕು.

ಪಾಲಿಕೆಯವರು ರಸ್ತೆಯ ಹಳೆಯ ಡಾಂಬರನ್ನು ಅಗೆಯದೆ ಅದರ ಮೇಲೆಯೇ ಕಾಂಕ್ರೀಟ್ ಸುರಿದು, ‘ಸುಸ್ಥಿರ ನಗರ, ಸುಖೀ ನಾಗರಿಕ’ ಎಂಬ ಫಲಕವನ್ನು ನಮ್ಮ ಗೇಟಿನೆದುರು ನೆಟ್ಟಿದ್ದಾರೆ. ಮೊದಲ ಮಳೆಗೇ ರಸ್ತೆಯ ನೀರು ನಡುಮನೆಗೆ ನುಗ್ಗಿತು. ಎಂಬತ್ತು ದಾಟಿದ ಅತ್ತೆಯವರು ರಾತ್ರಿಯಿಡೀ ಮಂಚದ ಮೇಲೆ ಕಾಲು ಮಡಚಿಕೊಂಡು ಕುಳಿತಿದ್ದರು.

ಮರುದಿನ ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ರಸ್ತೆ ಕಾಮಗಾರಿಯ ಎಂಜಿನಿಯರನ್ನು ಕರೆಸಿದೆ. ವಿಜಯಪುರದ ಕಡೆಯವನು, ನನ್ನ ಕನ್ನಡ ಕೇಳಿ ಹಿಗ್ಗಿದ. ಬೂಟು ಕಳಚದೆ ನಡುಮನೆಗೇ ಬಂದು ಸುತ್ತಲೂ ಕಣ್ಣಾಡಿಸಿದ.

“ಕಾಕು, ರಸ್ತಾ ಬರೋಬರ್ ಐತ್ರಿ. ನಿಮ್ಮ ಮನೀನ ತಗ್ಗಿನ್ಯಾಗ ಐತಿ.”

“ಮೊದಲು ಬಂದದ್ದು ಮನೆಯೋ, ನಿಮ್ಮ ರಸ್ತೆಯೋ?” ಎಂದೆ. ಕಾನ್ವೆಂಟಿನಲ್ಲಿ ಕಲಿತವಳು, ದನಿ ಏರಿಸಲಿಲ್ಲ.

“ಅದನ್ನ ಬಿಡ್ರಿ. ಈಗ ಜಾಕ್ ಹಚ್ಚಿ ಇಡೀ ಮನೀನ ಎತ್ತೋ ಮಂದಿ ಅದಾರ್ರಿ. ಅವರ ನಂಬರ್ ಕೊಡ್ಲೇನು?”

“ಮುಂದೆ ನೀವು ಮತ್ತೆ ರಸ್ತೆ ಏರಿಸಿದರೆ?”

“ಮತ್ತ ಎತ್ತಿಸೋದ್ರಿ!”

ಮಂಚದ ಮೇಲಿಂದ ಅತ್ತೆ, “ಹಂಗಾರ ನನ್ನನ್ನೂ ಮಂಚದ ಸಮೇತ ಎತ್ತಿಸಿಬಿಡೋ ತಮ್ಮಾ, ಜಲ್ದಿ” ಎಂದರು. ಅವನು ಅದಕ್ಕೂ ನಕ್ಕ.

ನೀರು ಹೋಗಲು ಚರಂಡಿ ತೋಡುವುದು ಅವರ ಕರ್ತವ್ಯ. ಅದನ್ನು ಮಾಡಿಸಿಯೇ ತೀರುತ್ತೇನೆ. ಆದರೆ ಅದಕ್ಕೂ ಮೊದಲು ಆತ ಬೂಟು ಕಳಚಿ ಒಳಗೆ ಬರಬೇಕು. ನಮ್ಮ ಮನೆ ತಗ್ಗಿನಲ್ಲಿದೆ ಎಂದದ್ದಕ್ಕೆ ಅತ್ತೆಯವರ ಎದುರು ನಿಂತು ಕ್ಷಮೆ ಕೇಳಬೇಕು.