ಕೊಳವೆಯ ಶ್ರುತಿಗೆ ಅಮ್ಮನ ಸೋಬಾನೆ

ನಮ್ಮಮ್ಮ ಗಾಳಿ ಫ್ಯಾನಿನ ಕಂಬವನ್ನು ಶ್ರುತಿ ಮಾಡಿಕೊಂಡು ಸೋಬಾನೆ ಹಾಡಿದವಳು. ನಂಬದವರು ನಂಬದೇ ಇರಲಿ, ನನಗೇನೂ ನಷ್ಟವಿಲ್ಲ. ಕಲ್ಯಾಣದುರ್ಗದಿಂದ ಕುಂದುರ್ಪಿ ಕಡೆ ಬರುವ ಬಸ್ಸಿನಲ್ಲಿ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಆ ಫ್ಯಾನುಗಳು ಕಂಡಾಗಲೆಲ್ಲ, ಪಕ್ಕದ ಸೀಟಿನಲ್ಲಿ ಯಾರೇ ಕೂತಿರಲಿ, ಈ ಕಥೆ ಹೇಳದೆ ನಾನು ಬಿಡುವುದಿಲ್ಲ.

ಅಕ್ಕನ ಮದುವೆಯಾದ ಶ್ರಾವಣದಲ್ಲಿ ಆ ಕಂಬಗಳಿನ್ನೂ ಎದ್ದಿರಲಿಲ್ಲ. ತುಂಡು ತುಂಡಾಗಿ ನಮ್ಮ ಕಣದ ಪಕ್ಕದ ಬಯಲಲ್ಲಿ ಮಲಗಿದ್ದವು. ತುಂಡು ಅಂದರೆ ಸಣ್ಣದಲ್ಲ, ಎತ್ತಿನ ಗಾಡಿ ಈ ಬಾಯಲ್ಲಿ ಹೋಗಿ ಆ ಬಾಯಲ್ಲಿ ಬರುವಂಥ ಉಕ್ಕಿನ ಕೊಳವೆಗಳು. ಎರಡೂ ಬಾಯಿಗೆ ದಪ್ಪ ಟಾರ್ಪಾಲು ಬಿಗಿದಿದ್ದರು. ಮದುವೆ ಚಪ್ಪರ ಹಾಕಿದ್ದು ಕಣದಲ್ಲೇ. ಹೊದಿಸಲು ಗರಿ ಸಾಲಲಿಲ್ಲ. ನಮ್ಮ ಸೋದರಮಾವ ಹಿಂದಿನ ದಿನ ಕಾವಲುಗಾರನನ್ನು ಮಾತಾಡಿಸಿ, ಹೋಳಿಗೆ ತಿನ್ನಿಸಿ, ಆ ಟಾರ್ಪಾಲುಗಳನ್ನು ಬಿಚ್ಚಿ ತಂದು ಚಪ್ಪರದ ಮೇಲೆ ಎಳೆದ. "ಒಂದಿನಕ್ಕೆ ಏನಾಯ್ತದೆ ಬಿಡ್ರಮ್ಮ, ಮದುವೆ ಮುಗೀತಿದ್ದಂಗೆ ತಿರುಗ ಕಟ್ಬುಡ್ತೀನಿ" ಅಂದ. ಎಂಥ ನೆರಳು ಅಂತ ನಾವೂ ಹೊಗಳಿದೆವು.

ಬೆಳಿಗ್ಗೆ ಹಿಂದೂಪುರದ ಪಕ್ಕದ ಪರಿಗಿಯಿಂದ ಗಂಡಿನ ಕಡೆಯವರು ಬಂದಿಳಿದರು. ಹೊತ್ತೇರುತ್ತಿದ್ದಂತೆ ಗಾಳಿಯೂ ಏರಿತು. ಅಕ್ಕ ಬಾಸಿಂಗ ಕಟ್ಟಿಕೊಂಡು ಹಸೆಗೆ ಬಂದು ಕೂತಳು, ಅಷ್ಟೇ. ಬಯಲಿನಿಂದ 'ಊಂ…' ಅಂತ ಒಂದು ಸದ್ದು ಎದ್ದಿತು. ಖಾಲಿ ಬಾಟಲಿಗೆ ಬಾಯಿಟ್ಟು ಊದಿದಂತೆ, ಆದರೆ ಕಿವಿಗಿಂತ ಮೊದಲು ಹೊಟ್ಟೆಗೆ ತಾಗುವ ಸದ್ದು. ಮಕ್ಕಳು ಅಮ್ಮಂದಿರನ್ನು ತಬ್ಬಿಕೊಂಡವು. ಪುರೋಹಿತರು ಮಂತ್ರ ನಿಲ್ಲಿಸಿದರು.

ಗಂಡಿನ ದೊಡ್ಡಮ್ಮ ದಡಕ್ಕನೆ ಎದ್ದರು. ಆ ಮನೆಯಲ್ಲಿ ಅವರು ಹೇಳಿದ್ದೇ ಕೊನೆ ಮಾತು ಅಂತ ನಮಗೆ ಮೊದಲೇ ಗೊತ್ತಿತ್ತು. "ಅಮ್ಮೋ! ಏಮಿದಿ ಈ ಏಡುಪು? ಹೆಣದ ಮುಂದೆ ಅತ್ತಂಗೈತಲ್ಲ!" ಅಂದರು.

ಸೋದರಮಾವ ತಲೆಯೆತ್ತಿ ಚಪ್ಪರ ನೋಡಿದ, ಬಯಲು ನೋಡಿದ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. "ಅದು ಪೈಪು ಕಣಮ್ಮ. ಅದ್ರ ಬಾಯಿಗೆ ಕಟ್ಟಿದ್ದ ಟಾರ್ಪಾಲು ನಮ್ಮ ನೆತ್ತಿ ಮ್ಯಾಲೈತೆ. ಗಾಳಿ ನುಗ್ತಾ ಐತೆ, ಅಷ್ಟೇಯ."

"ಪೈಪೋ ಪಿಶಾಚಿಯೋ, ಕಿವಿಗೆ ಅಳು ಅಳೂನೇ ಕಣಪ್ಪ. ಇದು ನಿಲ್ಲೋಗಂಟ ತಾಳಿ ಎತ್ಬ್ಯಾಡ್ರಿ. ನಿಲ್ದಿದ್ರೆ ನಾವು ಬಂದ ದಾರೀಲೆ ಹೋಯ್ತೀವಿ" ಅಂದು ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಂಡೇಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಹೋಗ್ರಿ ಹಾಗಾದರೆ ಅಂತ ನಾಲಿಗೆ ತುದಿಗೆ ಬಂದಿತ್ತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ಬಾಸಿಂಗದ ಕೆಳಗೆ ಅವಳ ಕಣ್ಣು ತುಂಬಿ ನಿಂತಿತ್ತು. ಗಂಡು ಬೆಪ್ಪನಂತೆ ದೊಡ್ಡಮ್ಮನನ್ನೇ ನೋಡುತ್ತಿದ್ದ. ಟಾರ್ಪಾಲು ಕಿತ್ತು ವಾಪಸ್ಸು ಕಟ್ಟುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು.

ಅಡುಗೆಯ ಕಡೆಯಿಂದ ಅಮ್ಮ ಬಂದಳು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಒಂದು ಗಳಿಗೆ ಕತ್ತು ಓರೆ ಮಾಡಿ ಬಯಲ ಕಡೆ ಕಿವಿಗೊಟ್ಟಳು. "ಅಳು ಅಂದ್ಕೊಂಡ್ರೆ ಅಳು, ಶ್ರುತಿ ಅಂದ್ಕೊಂಡ್ರೆ ಶ್ರುತಿ ಕಣ್ ಬೀಗಿತಿ. ಒಸಿ ತಡೀರಿ" ಅಂದಳು. ಆಮೇಲೆ ಕೊಳವೆಯ ಊಂಕಾರಕ್ಕೆ ದನಿ ಕೂಡಿಸಿ ಸೋಬಾನೆ ಎತ್ತಿದಳು.

ನಮ್ಮ ಕಡೆ ಅಮ್ಮನ ಸೋಬಾನೆಯಿಲ್ಲದೆ ಮದುವೆ ನಡೆದದ್ದಿಲ್ಲ. ಆದರೆ ಅಂಥ ಹಾಡನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ದೇವರಾಣೆಗೂ. ಗಾಳಿ ಜೋರಾದರೆ ಸಾಲನ್ನು ಉದ್ದಕ್ಕೆ ಎಳೆಯುತ್ತಿದ್ದಳು. ಗಾಳಿ ತಗ್ಗಿದರೆ ಕಾಯುತ್ತಿದ್ದಳು. ನಮ್ಮ ಹೆಂಗಸರು ಹಿಂದಿನಿಂದ ಕೂಡಿಕೊಂಡರು. ಸಾಲು ಮುಗಿದು ಎಲ್ಲರೂ ಉಸಿರೆಳೆದುಕೊಳ್ಳುವಾಗ ಕೊಳವೆ ಒಂದೇ ಹಾಡುತ್ತಿತ್ತು. ಅದೇ ಸದ್ದು, ಆದರೆ ಈಗ ಯಾರಿಗೂ ಹೆದರಿಕೆಯಿಲ್ಲ. ತಬ್ಬಿಕೊಂಡಿದ್ದ ಮಕ್ಕಳು ಬಿಟ್ಟು ಓಡಿದವು. ದೊಡ್ಡಮ್ಮ ಚಪ್ಪಲಿ ಕಳಚಿಟ್ಟರು, ಒಳಗೆ ಬಂದು ಕೂತರು.

"ಅಕ್ಷತೆ ಎಲ್ರಮ್ಮ? ಕೊಡ್ರಿ ಇತ್ಲಾಗೆ" ಅಂದರು.

ಅಕ್ಕನ ಕೊರಳಿಗೆ ತಾಳಿ ಬಿತ್ತು. ನನ್ನ ಎದೆ ಉಬ್ಬಿದ್ದು ಇವತ್ತಿಗೂ ಇಳಿದಿಲ್ಲ.

ಕೊಳವೆಗಳನ್ನು ಆಮೇಲೆ ಗುಡ್ಡಕ್ಕೆ ಸಾಗಿಸಿ, ಒಂದರ ಮೇಲೊಂದು ನಿಲ್ಲಿಸಿ, ತಲೆಗೆ ಫ್ಯಾನು ಕೂರಿಸಿದರು. ಈಗ ಬರೀ ರೆಕ್ಕೆಯ ಸುಯ್ ಸುಯ್. ಆ ಊಂಕಾರ ಮತ್ತೆ ಕೇಳಲಿಲ್ಲ.

ಮೊನ್ನೆ ಪರಿಗಿಯಲ್ಲಿ ಅಕ್ಕನ ಮಗುವನ್ನು ತೊಟ್ಟಿಲಿಗೆ ಹಾಕಿದರು. ಹಾಡಬೇಕಾದವಳು ಅಮ್ಮನೇ. ಜ್ವರದಲ್ಲಿ ಬಿದ್ದೆದ್ದು ಅವಳ ದನಿ ಸೊರಗಿತ್ತು. ಎತ್ತಿದಳು, ಸಿಗಲಿಲ್ಲ. ಮತ್ತೆ ಎತ್ತಿದಳು, ಒಡೆಯಿತು. ಅಮ್ಮ ತಲೆ ತಗ್ಗಿಸಿದ್ದನ್ನು ನಾನು ನೋಡಲಾರದೆ ತೊಟ್ಟಿಲ ಕಡೆ ತಿರುಗಿಕೊಂಡೆ.

ಆಗ ಅಮ್ಮನ ಪಕ್ಕದಿಂದಲೇ, ಮುಚ್ಚಿದ ಬಾಯಲ್ಲಿ, 'ಊಂ…' ಅಂತ ಶುರುವಾಯಿತು. ಅದೇ ಕೊಳವೆಯ ಊಂಕಾರ. ನೋಡಿದರೆ ಗಂಡಿನ ದೊಡ್ಡಮ್ಮ! ಕಣ್ಣು ಮುಚ್ಚಿ, ಉಸಿರು ಮುಗಿಯುವವರೆಗೂ ಎಳೆದರು. ಆಮೇಲೆ ಅಮ್ಮನ ಮಂಡಿ ತಟ್ಟಿ ಹೇಳಿದರು.

"ಗಾಳಿ ಬಂತು ಕಣ್ ಬೀಗಿತಿ. ಎತ್ತು."